ಮನೆ ಸಾಮಾನು ತಗೊಳ್ಳೋ ಮುಂಚೆ ಲೇಬಲ್ ನೋಡಿ

ಎಲ್ರಿಗೂ ನಮಸ್ಕಾರ, ಬಕೆಟ್ ಪಾತ್ರೆ ಬೆಡ್‌ಶೀಟ್ ಏನೇ ತಗೊಂಡ್ರೂ ಆದಷ್ಟು ನಮ್ ದೇಶದಲ್ಲೇ ತಯಾರಾಗಿದ್ದು ತಗೊಳ್ಳೋಣ, ನಮ್ಮೋರಿಗೆ ಕೆಲಸ ಉಳೀಲಿ ಅಂತ ಈ ಗ್ರೂಪಲ್ಲಿ ಮಾತಾಡ್ಕೊಂಡ್ವಲ್ಲ, ಅದಕ್ಕೇ ಈ ಮೆಸೇಜ್. ಡಬ್ಬದ ಮುಂದಿರೋ ಬಾವುಟದ ಚಿತ್ರ ನಂಬ್ಕೋಬೇಡಿ, ತಿರುಗಿಸಿ ಹಿಂದೆ ಸಣ್ಣಕ್ಷರದಲ್ಲಿ ತಯಾರಿಸಿದವರು ಅಂತಿದ್ಯಾ ಇಲ್ಲಾ ಬರೀ ಪ್ಯಾಕ್ ಮಾಡಿದವರು, ಆಮದು ಮಾಡ್ಕೊಂಡವರು ಅಂತಿದ್ಯಾ ಓದಿ, ಬಹಳ ಸಲ ಬಣ್ಣ ಬಯಲಾಗೋದೇ ಅಲ್ಲಿ. ಇನ್ನು ಬಾರ್‌ಕೋಡ್‌ನ ಮೊದಲ 3 ಅಂಕಿ ನೋಡಿದ್ರೆ ತಯಾರಾದ ದೇಶ ಗೊತ್ತಾಗುತ್ತೆ ಅನ್ನೋ ಫಾರ್ವರ್ಡ್ ದಯವಿಟ್ಟು ಇಲ್ಲಿ ಹಾಕ್ಬೇಡಿ, ಆ ಅಂಕಿ ಹೇಳೋದು ಕಂಪನಿ ಆ ನಂಬರ್‌ನ ಯಾವ ದೇಶದ ಜಿಎಸ್1 ಅನ್ನೋ ಬಾರ್‌ಕೋಡ್ ನಂಬರ್ ಕೊಡೋ ಸಂಸ್ಥೆಯಿಂದ ತಗೊಂಡಿದೆ ಅಂತ ಅಷ್ಟೇ, ಮಾಲು ಎಲ್ಲಿ ಬೇಕಾದ್ರೂ ತಯಾರಾಗಿರ್ಬಹುದು.

ಫ್ಯಾನು, ಇಸ್ತ್ರಿಪೆಟ್ಟಿಗೆ ಥರದ್ದರಲ್ಲಿ ನೂರಕ್ಕೆ ನೂರು ಸ್ವದೇಶಿ ಹುಡುಕಿ ತಲೆ ಕೆಡಿಸ್ಕೋಬೇಡಿ, ಒಳಗಿನ ಒಂದೆರಡು ಪಾರ್ಟು ಹೊರಗಿಂದ ಬಂದಿದ್ರೂ ಜೋಡಿಸೋರು ನಮ್ಮೋರಾದ್ರೆ ಅದೂ ಕೆಲಸಾನೇ ಅಲ್ವಾ. ಕೆಟ್ಟಿದ್ದನ್ನ ಬಿಸಾಕದೆ ರಿಪೇರಿಗೆ ಕೊಟ್ರೂ ಅಷ್ಟೇ. ರೇಟ್ ಜಾಸ್ತಿ ಆಯ್ತು ಅಂತ ಬೇರೆದು ತಗೊಂಡೋರನ್ನ ಗ್ರೂಪಲ್ಲಿ ಆಡ್ಕೋಬೇಡಿ, ಅವರವರ ಕಷ್ಟ ಅವರವರಿಗೆ.

ಚೆನ್ನಾಗಿ ಬಾಳಿಕೆ ಬಂದ ಸಾಮಾನಿದ್ರೆ ಹಿಂದಿನ ಲೇಬಲ್ ಫೋಟೋ ಸಮೇತ ಹಾಕಿ, ಮುಂದಿಂದು ಬೇಡ.