ಸರ್ಟಿಫಿಕೇಟ್ ಇದೆ, ಕೈಗೆ ಕೆಲಸ ಕಲಿಸೋರ್ಯಾರು?

ಸಂಪಾದಕರಿಗೆ ನಮಸ್ಕಾರ,

ಎಲ್ಲಿ ನೋಡಿದ್ರೂ ಒಂದೇ ಮಾತು, ಈಗಿನ ಹುಡುಗರಿಗೆ ಡಿಗ್ರಿ ಇದೆ ಆದ್ರೆ ಕೆಲಸ ಬರಲ್ಲ ಅಂತ. ನಾನು ಒಂದು ಕಾರ್ಖಾನೇಲಿ ಎಲೆಕ್ಟ್ರಿಕಲ್ ಮೇಂಟೆನೆನ್ಸ್‌ನಲ್ಲಿ 20 ವರ್ಷಕ್ಕಿಂತ ಜಾಸ್ತಿ ಕೆಲಸ ಮಾಡಿದೀನಿ, ಹೊಸದಾಗಿ ಬಂದೋರನ್ನ ಜೊತೇಲಿ ಇಟ್ಕೊಂಡು ತಯಾರು ಮಾಡೋದೂ ನನ್ನ ಪಾಲಿಗೇ ಬಂದಿದೆ, ಅದಕ್ಕೇ ಈ ಮಾತು ಕೇಳಿದಾಗೆಲ್ಲ ಸಂಕಟ ಆಗುತ್ತೆ. ಮಾತು ಪೂರ್ತಿ ಸುಳ್ಳು ಅಂತ ನಾನು ಹೇಳಲ್ಲ. ಆದ್ರೆ ತಪ್ಪೆಲ್ಲ ಆ ಮಕ್ಕಳ ತಲೆಗೆ ಕಟ್ಟಿ ನಾವು ಕೈ ತೊಳ್ಕೊಳ್ತಾ ಇದೀವಲ್ಲ, ಅದು ಸರಿಯಲ್ಲ.

ಒಂದು ದಿನ ನಡೆದಿದ್ದು ಹೇಳ್ತೀನಿ. ಒಂದು ಮೋಟಾರ್ ಟ್ರಿಪ್ ಆಗಿ ನಿಂತಿತ್ತು, ಹೊಸ ಟ್ರೈನಿ ಹುಡುಗನ್ನ ಕರ್ಕೊಂಡು ಹೋದೆ. ಒಳ್ಳೇ ಮಾರ್ಕ್ಸ್ ತಗೊಂಡು ಪಾಸಾದ ಹುಡುಗ, ಮೋಟಾರ್ ಬಗ್ಗೆ ಏನು ಕೇಳಿದ್ರೂ ಪಟಪಟ ಅಂತ ಹೇಳ್ತಾನೆ. ಬ್ರೇಕರ್ ಆಫ್ ಮಾಡ್ದ, ಪ್ಯಾನೆಲ್ ತೆಗೆದ, ಮೀಟರ್ ಇಟ್ಟು ನೋಡ್ದ, ಸೊನ್ನೆ ಬಂತು. "ಸಾರ್, ಸಪ್ಲೈ ಇಲ್ಲ" ಅಂತ ಟರ್ಮಿನಲ್ (ವೈರ್ ಸೇರಿಸೋ ಜಾಗ) ಕಡೆ ಕೈ ಚಾಚಿದ. ನಾನು ಅವನ ಮಣಿಕಟ್ಟು ಹಿಡ್ಕೊಂಡೆ. "ಮೀಟರ್ ಸರಿ ಇದೆ ಅಂತ ಹೇಗಪ್ಪಾ ಗೊತ್ತು?" ಅಂದೆ. ಸುಮ್ನೆ ನಿಂತ. ಪಕ್ಕದಲ್ಲಿ ಸಪ್ಲೈ ಇದೆ ಅಂತ ಖಚಿತವಾಗಿ ಗೊತ್ತಿರೋ ಕಡೆ ಇಟ್ಟು ನೋಡು ಅಂದೆ, ನೋಡ್ದ, ಅಲ್ಲೂ ಸೊನ್ನೆ! ಮೀಟರಿನ ಒಂದು ಲೀಡ್, ಅಂದ್ರೆ ಮುಟ್ಟಿಸಿ ನೋಡೋ ವೈರು, ಒಳಗೇ ತುಂಡಾಗಿತ್ತು, ಮೇಲಿಂದ ನೋಡಿದ್ರೆ ಏನೂ ಗೊತ್ತಾಗ್ತಿರ್ಲಿಲ್ಲ. ಅವತ್ತು ಆ ಸರ್ಕ್ಯೂಟು ನಿಜವಾಗ್ಲೂ ಆಫ್ ಆಗಿತ್ತು, ಅದು ಬೇರೆ ಮಾತು. ಆದ್ರೆ ಹುಡುಗನ ಮುಖ ಬಿಳಿಚಿಕೊಂಡಿದ್ದು ಇನ್ನೂ ನನ್ನ ಕಣ್ಮುಂದೆ ಇದೆ.

ಮೊದಲು ಸಪ್ಲೈ ಇರೋ ಕಡೆ ಮೀಟರ್ ಪರೀಕ್ಷೆ ಮಾಡು, ಆಮೇಲೆ ಕೆಲಸ ಮಾಡೋ ಜಾಗದಲ್ಲಿ ನೋಡು, ಮತ್ತೆ ವಾಪಸ್ ಸಪ್ಲೈ ಇರೋ ಕಡೆ ಇಟ್ಟು ಖಾತ್ರಿ ಮಾಡ್ಕೋ. ಬ್ರೇಕರಿಗೆ ನಿನ್ನದೇ ಬೀಗ ಹಾಕು, ಕೀ ನಿನ್ನ ಜೇಬಲ್ಲೇ ಇರ್ಲಿ. ಇದು ಪುಸ್ತಕದಲ್ಲಿ ಇಲ್ಲ ಅಂತಲ್ಲ, ಎಲ್ಲೋ ಒಂದು ಪ್ಯಾರಾದಲ್ಲಿ ಇರುತ್ತೆ, ಆದ್ರೆ ಕಾಲೇಜಿನ ಲ್ಯಾಬಲ್ಲಿ ಸಾಮಾನ್ಯವಾಗಿ ಮೀಟರ್ ಸರಿಯಾಗೇ ಇರುತ್ತೆ, ಕನೆಕ್ಷನ್ ಸರಿ ಇದ್ಯಾ ಅಂತ ಮೇಷ್ಟ್ರು ನೋಡಿರ್ತಾರೆ, ಉತ್ತರ ಎಷ್ಟು ಬರ್ಬೇಕು ಅನ್ನೋದೂ ಮೊದಲೇ ಗೊತ್ತು, ರೀಡಿಂಗ್ ರೆಕಾರ್ಡ್ ಬುಕ್ಕಿಗೆ ಬರೆದ್ರೆ ಮುಗೀತು. ಕೆಟ್ಟಿರೋದನ್ನ ಕೊಟ್ಟು "ಏನಾಗಿದೆ ಹುಡುಕು" ಅಂತ ಅವನಿಗೆ ಯಾರಾದ್ರೂ ಯಾವತ್ತಾದ್ರೂ ಹೇಳಿದ್ರಾ? ಹೇಳಿಲ್ಲ. ಪ್ರಾಕ್ಟಿಕಲ್ ಪರೀಕ್ಷೇಲಿ ಬೇಕಂತಲೇ ಒಂದು ದೋಷ ಇಟ್ಟು ಹುಡುಕೋಕೆ ಬಿಟ್ರೆ ಎಷ್ಟೋ ಬದಲಾಗುತ್ತೆ, ಅದಕ್ಕೆ ದೊಡ್ಡ ಖರ್ಚೂ ಇಲ್ಲ.

ಹಾಗಂತ ಓದಿದ್ದು ವ್ಯರ್ಥ ಅಂತ ಯಾರೂ ತಿಳ್ಕೋಬಾರ್ದು. ಇದೇ ಹುಡುಗ ಎರಡು ತಿಂಗಳಾದ್ಮೇಲೆ ಒಂದು ಕೆಲಸ ಮಾಡ್ದ. ಇನ್ನೊಂದು ಮೋಟಾರ್ ಪದೇ ಪದೇ ಟ್ರಿಪ್ ಆಗ್ತಿತ್ತು, ನಮ್ಮ ಹಳಬರು ಓವರ್‌ಲೋಡ್ ರಿಲೇ (ಕರೆಂಟ್ ಜಾಸ್ತಿಯಾದ್ರೆ ಮೋಟಾರ್ ನಿಲ್ಸೋ ಸಾಧನ) ಸೆಟ್ಟಿಂಗ್ ಸ್ವಲ್ಪ ಏರಿಸಿ ಓಡಿಸ್ತಿದ್ರು, ಅದು ತಪ್ಪು ಅಂತ ಎಲ್ರಿಗೂ ಗೊತ್ತು ಆದ್ರೂ ಪ್ರೊಡಕ್ಷನ್ ನಿಲ್ಲಬಾರ್ದಲ್ಲ. ಇವನು ಮೂರೂ ಫೇಸಿನ ವೋಲ್ಟೇಜೂ ಕರೆಂಟೂ ಬರ್ಕೊಂಡು ಬಂದು, ಸಾರ್ ಒಂದು ಫೇಸಲ್ಲಿ ವೋಲ್ಟೇಜ್ ಸ್ವಲ್ಪ ಕಮ್ಮಿ ಇದೆ, ಅಷ್ಟು ಸಾಕು ಕರೆಂಟಲ್ಲಿ ಅದರ ಎಷ್ಟೋ ಪಟ್ಟು ಏರುಪೇರಾಗೋಕೆ ಅಂದ. ಹುಡುಕಿದ್ರೆ ಒಂದು ಟರ್ಮಿನಲ್ ಲೂಸಾಗಿ ಕಪ್ಪಾಗಿತ್ತು. ಅದು ಓದಿನ ಬಲ. ನಮಗ್ಯಾರಿಗೂ ಹೊಳೆದಿರ್ಲಿಲ್ಲ.

ಓದು ಮತ್ತು ಕೆಲಸ ಒಟ್ಟಿಗೇ ಹೋಗ್ಬೇಕು ಅನ್ನೋದು ಇವತ್ತಿನ ಮಾತೇನಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಅನ್ನೋ ಮೇಷ್ಟ್ರು 1906ರಲ್ಲೇ ಇಂಜಿನಿಯರಿಂಗ್ ಹುಡುಗರನ್ನ ಸರದಿ ಮೇಲೆ ಕ್ಲಾಸಿಗೂ ಕಾರ್ಖಾನೆಗೂ ಕಳ್ಸೋಕೆ ಶುರು ಮಾಡಿದ್ರು. ಜರ್ಮನಿಯಲ್ಲಿ ಕಸುಬು ಕಲಿಯೋ ಹುಡುಗರು ಸಾಮಾನ್ಯವಾಗಿ ವಾರದಲ್ಲಿ 3-4 ದಿನ ಕಂಪನೀಲಿ, ಉಳಿದ 1-2 ದಿನ ಶಾಲೇಲಿ ಇರ್ತಾರೆ, ಕಂಪನಿಯಿಂದ ಭತ್ಯೆನೂ ಸಿಗುತ್ತೆ. ಅಲ್ಲಿ ನನಗೆ ತುಂಬಾ ಹಿಡಿಸಿದ್ದು ಏನಂದ್ರೆ ಕಂಪನೀಲಿ ಕಲ್ಸೋ ಜವಾಬ್ದಾರಿ ಹೊತ್ತೋರಿಗೂ ಒಂದು ಪರೀಕ್ಷೆ ಇದೆ, ಕಸುಬು ಗೊತ್ತಿದ್ರೆ ಮಾತ್ರ ಸಾಲದು, ಕಲ್ಸೋಕೂ ಬರ್ಬೇಕು ಅಂತ. ನಮ್ಮಲ್ಲಿ ಬಹಳಷ್ಟು ಕಡೆ ಏನ್ ಮಾಡ್ತಾರೆ ಅಂದ್ರೆ ಅವತ್ತು ಯಾರು ಖಾಲಿ ಕೂತಿದಾರೋ ಅವರ ಹಿಂದೆ ಟ್ರೈನಿನ ಬಿಡ್ತಾರೆ, ಅವರಿಗೋ ಇದೊಂದು ತಲೆನೋವು, "ನೋಡ್ಕೊಂಡಿರು" ಅಂತಾರೆ. ನೋಡ್ತಾ ನಿಂತ್ರೆ ಕೈಗೆ ಕೆಲಸ ಹತ್ತುತ್ತಾ?

ಇಂಟರ್ನ್‌ಶಿಪ್ ಕಥೇನೂ ಅಷ್ಟೇ ಆಗ್ಬಿಟ್ಟಿದೆ. ಆರು ತಿಂಗಳು ಏನ್ ಮಾಡ್ದೆ ಅಂತ ಕೇಳಿದ್ರೆ ಜೆರಾಕ್ಸ್ ಮಾಡಿಸ್ದೆ, ಎಕ್ಸೆಲ್‌ನಲ್ಲಿ ಎಂಟ್ರಿ ಮಾಡ್ದೆ ಅಂತಾರೆ, ಕೊನೇ ದಿನ ಕೈಗೆ ಇನ್ನೊಂದು ಸರ್ಟಿಫಿಕೇಟು. ಆಮೇಲೆ ಅದೇ ಕಂಪನಿಗಳು ಫ್ರೆಶರ್ ಬೇಕು ಅಂತ ಜಾಹೀರಾತು ಹಾಕಿ ಕೆಳಗೆ ಎರಡು ವರ್ಷ ಅನುಭವ ಕಡ್ಡಾಯ ಅಂತ ಬರೀತಾರೆ. ಆ ಎರಡು ವರ್ಷ ಇವರು ಎಲ್ಲಿಂದ ತರ್ಬೇಕು ಹೇಳಿ.

ಕೆಲಸ ಕೊಡೋರಲ್ಲಿ ನನ್ನದೊಂದೇ ವಿನಂತಿ. ಹೊಸಬರು ಬಂದ ದಿನವೇ ಅವರಿಗೆ ಒಬ್ಬರನ್ನ ಗೊತ್ತು ಮಾಡಿ, ಆ ಹಿರಿಯರ ಕೆಲಸದ ಹೊರೆ ಅಷ್ಟರ ಮಟ್ಟಿಗೆ ಇಳಿಸಿ, ಹೊಸಬರ ಕೈಯಲ್ಲೇ ಸ್ಪ್ಯಾನರ್ ಕೊಟ್ಟು ಪಕ್ಕದಲ್ಲಿ ನಿಲ್ಲೋಕೆ ಹೇಳಿ. ಮೊದಲ ಮೂರು ತಿಂಗಳು ನೈಟ್ ಶಿಫ್ಟಿಗೆ ಒಬ್ಬರನ್ನೇ ಹಾಕಬೇಡಿ. ಪ್ರಶ್ನೆ ಕೇಳಿದ್ರೆ "ಇಷ್ಟೂ ಗೊತ್ತಿಲ್ವಾ" ಅನ್ನಬೇಡಿ, ಒಂದ್ಸಲ ಹಾಗಂದ್ರೆ ಆ ಹುಡುಗ ಮತ್ತೆ ಕೇಳಲ್ಲ, ಗೊತ್ತಿಲ್ದೇನೇ ಕೈ ಹಾಕ್ತಾನೆ.

ಆ ತುಂಡಾದ ಲೀಡ್ ನಾನು ಬಿಸಾಕಿಲ್ಲ. ಡ್ರಾಯರಲ್ಲೇ ಇದೆ. ಹೊಸಬರು ಬಂದ್ರೆ ಮೊದಲು ಅದನ್ನ ಮೀಟರಿಗೆ ಹಾಕಿ ಒಂದು ಹೊಸ ಬ್ಯಾಟರಿ ಜೊತೆ ಟೇಬಲ್ ಮೇಲೆ ಇಟ್ಟು, ಇದರ ವೋಲ್ಟೇಜ್ ಎಷ್ಟಿದೆ ನೋಡಿ ಹೇಳು ಅಂತೀನಿ.

ಇಂತಿ,
ಮೇಂಟೆನೆನ್ಸ್ ವಿಭಾಗದ ಒಬ್ಬ ಓದುಗ