ಒಂದು ಬಾಟಲಿ ನೀರು ಸಾಲದು

ಮಾನ್ಯರೆ,

ನಿಮ್ಮ ವಾರದ ಪುರವಣಿಯಲ್ಲಿ ಬಂದ, ಅಮೆರಿಕದ ಯೂಟಾ ರಾಜ್ಯದ ಆರ್ಚಸ್ ರಾಷ್ಟ್ರೀಯ ಉದ್ಯಾನದ ಪ್ರವಾಸ ಬರಹ ಚೆನ್ನಾಗಿತ್ತು. ಚಿತ್ರಗಳಂತೂ ಸೊಗಸು. ಆದರೆ ಒಂದು ಬಾಟಲಿ ನೀರು, ಒಂದು ಜೊತೆ ಚಪ್ಪಲಿ ಇದ್ದರೆ ಸಾಕೆನ್ನುವ ಧಾಟಿಗೆ ನಮ್ಮ ತಕರಾರಿದೆ. ಬೇಸಿಗೆಯಲ್ಲಿ ಮಕ್ಕಳ ಮನೆಗೆಂದು ಹೋದವರು ಅದನ್ನು ನಂಬಿ ಹೊರಟರೆ ಪಾಡು ಬೇಡ.

ಡೆಲಿಕೇಟ್ ಆರ್ಚ್ ಎಂಬ ಕಲ್ಲಿನ ಕಮಾನಿಗೆ ಹೋಗುವ ದಾರಿಯನ್ನೇ ನೋಡಿ. ಹೋಗಿಬರಲು 4.8 ಕಿ.ಮೀ., ಏರು ಸುಮಾರು 146 ಮೀಟರ್. ಕಾಗದದ ಮೇಲೆ ಏನೂ ಅಲ್ಲ. ಆದರೆ ನೆರಳಿಲ್ಲದ ಬೋಳು ಬಂಡೆ, ಬೇಸಿಗೆಯ ಮಧ್ಯಾಹ್ನ 38 ಡಿಗ್ರಿ ದಾಟುವುದು ಅಲ್ಲಿ ಮಾಮೂಲು. ತಲಾ ಕನಿಷ್ಠ 2 ಲೀಟರ್ ನೀರು ಒಯ್ಯಿರಿ ಎಂದು ಉದ್ಯಾನದವರೇ ಹೇಳುತ್ತಾರೆ. ಗಾಳಿ ಎಷ್ಟು ಒಣ ಎಂದರೆ ಅಂಗಿ ಒದ್ದೆಯಾಗುವ ಮೊದಲೇ ಬೆವರು ಆರಿರುತ್ತದೆ. ಬೆವರೇ ಇಲ್ಲವಲ್ಲ ಎಂದುಕೊಂಡವರ ಟೋಪಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಮೂಡಿರುತ್ತದೆ. ಹೋದ ಉಪ್ಪು ಮರಳಿ ಬರಬೇಕು. ಬರೀ ನೀರನ್ನೇ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ ಶುರುವಾಗುತ್ತದೆ. ಇದನ್ನೂ ಬಾಯಾರಿಕೆಯ ಸುಸ್ತೆಂದು ಬಗೆದು ಇನ್ನಷ್ಟು ನೀರು ಕುಡಿಯುವವರಿದ್ದಾರೆ. ಜೊತೆಗೆ ಉಪ್ಪಿನ ತಿಂಡಿ ಇರಲಿ. ತಂದ ನೀರಿನಲ್ಲಿ ಅರ್ಧ ಮುಗಿದರೆ, ಕಮಾನು ಕಣ್ಣೆದುರಿಗಿದ್ದರೂ ವಾಪಸ್ಸು ತಿರುಗಬೇಕು. ಬೆಳಕು ಹರಿಯುವಾಗ ಹೊರಟು ಹತ್ತು ಗಂಟೆಯೊಳಗೆ ಕಾರಿನ ಬಳಿ ಇರುವುದು ಲೇಸು.

ಇನ್ನು ಬಂಡೆ. ಮರಳುಗಲ್ಲು ಒಣಗಿದ್ದಾಗ ಉಪ್ಪುಕಾಗದದಂತೆ ಹಿಡಿಯುತ್ತದೆ, ಅದೇ ಮೋಸ. ಹತ್ತುವಾಗ ಬಂಡೆ ಕಣ್ಣಿಗೆ ಹತ್ತಿರ, ಕಾಲಿಡುವ ಜಾಗ ಕಾಣುತ್ತದೆ. ಇಳಿಯುವಾಗ ಅದು ಕಾಣದು, ಭಯಕ್ಕೆ ಮೈ ಹಿಂದಕ್ಕೆ ವಾಲುತ್ತದೆ, ಹಿಮ್ಮಡಿಯ ಕೆಳಗೆ ಸೇರಿದ ಸಡಿಲ ಮರಳು ಗೋಲಿಗಳಂತೆ ಉರುಳುತ್ತದೆ. ಮಂಡಿ ಬಗ್ಗಿಸಿ, ಇಡೀ ಅಂಗಾಲು ಊರಿ, ಭಾರವನ್ನು ಪಾದದ ಮೇಲೇ ಇಟ್ಟು ಇಳಿಯಬೇಕು. ನಾಲ್ಕು ಹೆಜ್ಜೆ ಹತ್ತಿ, ಅಲ್ಲಿಂದಲೇ ಇಳಿದು ನೋಡಿ. ಇಳಿಯಲಾಗದ ಕಡೆ ಹತ್ತಬೇಡಿ. ಮಳೆ ಬಂದ ಮೇಲೆ ಈ ಕಲ್ಲು ಜಾರುವುದಷ್ಟೇ ಅಲ್ಲ, ನೀರು ಕುಡಿದು ಬಲವನ್ನೂ ಕಳೆದುಕೊಳ್ಳುತ್ತದೆ. ಕೈಗೆ ಸಿಕ್ಕ ಅಂಚು ಬಿಸ್ಕತ್ತಿನಂತೆ ಮುರಿದು ಬರಬಹುದು. ಕಮಾನುಗಳೂ ಶಾಶ್ವತವಲ್ಲ. 1991ರಲ್ಲಿ ಲ್ಯಾಂಡ್‌ಸ್ಕೇಪ್ ಆರ್ಚ್‌ನಿಂದ ಸುಮಾರು 18 ಮೀಟರ್ ಉದ್ದದ ಚಪ್ಪಡಿ ಕಳಚಿಬಿದ್ದ ಮೇಲೆ ಅದರ ಅಡಿಯ ದಾರಿಯನ್ನೇ ಮುಚ್ಚಿದರು. 2008ರ ಆಗಸ್ಟ್‌ನಲ್ಲಿ ವಾಲ್ ಆರ್ಚ್ ಪೂರ್ತಿ ಕುಸಿಯಿತು.

ಜುಲೈನಿಂದ ಸೆಪ್ಟೆಂಬರ್‌ವರೆಗೆ ಆ ಸೀಮೆಯಲ್ಲಿ ಮಧ್ಯಾಹ್ನದ ಗುಡುಗುಮಳೆ ಇರುತ್ತದೆ. ಕಿರಿದಾದ ಕಣಿವೆಗಳಲ್ಲಿ ತಲೆಯ ಮೇಲಿನ ಆಕಾಶ ನೋಡಿ ಧೈರ್ಯ ಮಾಡುವಂತಿಲ್ಲ. ಪಕ್ಕದ ಅರಿಜೋನಾದ ಆಂಟಲೋಪ್ ಕಣಿವೆಯಲ್ಲಿ 1997ರ ಆಗಸ್ಟ್ 12ರಂದು 11 ಪ್ರವಾಸಿಗರು ಕೊಚ್ಚಿಹೋಗಿ ಸತ್ತರು. ಆ ನೀರು ತಂದ ಮಳೆ ಸುರಿದದ್ದು ಮೈಲಿಗಟ್ಟಲೆ ದೂರದಲ್ಲಿ. ಬರಿಗಲ್ಲು ಜೋರುಮಳೆಯನ್ನೆಲ್ಲ ಹೀರಲಾರದು, ಮಿಕ್ಕದ್ದೆಲ್ಲ ತಗ್ಗಿಗೇ ಓಡುತ್ತದೆ. ಹರಿವು ಕದಡಿದರೆ, ಕಡ್ಡಿಕಸ ತೇಲಿಬಂದರೆ, ದೂರದಲ್ಲಿ ಮೊರೆತ ಕೇಳಿದರೆ ಸಾಮಾನು ಬಿಟ್ಟು ಮೇಲಕ್ಕೆ ಹತ್ತಬೇಕು. ಕಣಿವೆಯ ಉದ್ದಕ್ಕೆ ಓಡಬಾರದು.

ಬರಹದ ಜೊತೆಗಿದ್ದ ಒಂದು ಚಿತ್ರದಲ್ಲಿ ದಾರಿಬಿಟ್ಟು ನಿಂತವರ ಕಾಲಡಿ ಕಪ್ಪು, ಉಬ್ಬುತಗ್ಗಿನ ನೆಲ ಕಾಣುತ್ತದೆ. ಅದು ಕೊಳೆ ಮಣ್ಣಲ್ಲ, ಜೀವಂತ ಹೊರಪದರ. ಸಯನೋಬ್ಯಾಕ್ಟೀರಿಯಾ ಎಂಬ ಸೂಕ್ಷ್ಮಜೀವಿಗಳ ಎಳೆಗಳು ಮರಳಿನ ಕಣಗಳನ್ನು ಹೊಲಿದು ಹಿಡಿದಿರುತ್ತವೆ, ಗಾಳಿಯ ಸಾರಜನಕವನ್ನು ನೆಲಕ್ಕೆ ಸೇರಿಸುತ್ತವೆ. ಒಂದು ಹೆಜ್ಜೆ ಕೆಡಿಸಿದ್ದು ಸರಿಯಾಗಲು ದಶಕಗಳೇ ಬೇಕಾಗಬಹುದು. ಕಾಲಿಡುವುದಿದ್ದರೆ ಬಂಡೆಯ ಮೇಲೆ ಇಲ್ಲವೇ ಒಣಹಳ್ಳದ ಮರಳಿನಲ್ಲಿ. ಅಂದಕ್ಕೆಂದು ಕಲ್ಲಿನ ಮೇಲೆ ಕಲ್ಲು ಪೇರಿಸುವುದೂ ಬೇಡ. ಬೋಳು ಬಂಡೆಯಲ್ಲಿ ದಾರಿ ತೋರುವುದು ಅಂಥ ಗುಡ್ಡೆಗಳೇ, ಸುಳ್ಳು ಗುಡ್ಡೆ ಹಿಂದೆ ಬಂದವರನ್ನು ದಿಕ್ಕು ತಪ್ಪಿಸುತ್ತದೆ.

ಆ ಚಿತ್ರವನ್ನು ನಿಮ್ಮ ಜಾಲತಾಣದಿಂದಲಾದರೂ ತೆಗೆಯಿರಿ.

– ಚಾರಣಪ್ರಿಯ ಓದುಗರು