‘ಪೇಷಂಟ್ ಎಲ್ಲಿ?’ ಅಂತ ಕೇಳಿದರು

ಸಂಪಾದಕರಿಗೆ ನಮಸ್ಕಾರ.

ವಿಶ್ವ ಜನಸಂಖ್ಯಾ ದಿನ ಕಳೆದ ಮೇಲೆ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಮೂರನೇ ಮಗು ಹೆತ್ತವರಿಗೆ ರೇಷನ್ ನಿಲ್ಲಿಸಬೇಕಂತೆ. ಗಲ್ಲಾದಲ್ಲಿ ಕೂತು ಎರಡು ಸಲ ಓದಿದೆ. ಅಷ್ಟುದ್ದದ ಪತ್ರದಲ್ಲಿ ‘ಗಂಡಸು’ ಅನ್ನೋ ಪದ ಎಲ್ಲೂ ಸಿಗಲಿಲ್ಲ. ಹೆಂಗಸರು ಒಬ್ಬೊಬ್ಬರೇ ಮಕ್ಕಳು ಮಾಡಿಕೊಳ್ತಾರೆ ಅನ್ನೋ ಹಾಗಿತ್ತು.

ನಾನು ಮಾಟುಂಗದ ಒಂದು ಹೋಟೆಲಲ್ಲಿ ಕ್ಯಾಷಿಯರ್. ಊರು ಕುಂದಾಪುರದ ಕಡೆ. ನಾನು ಹುಟ್ಟಿದ್ದು 1987ರಲ್ಲಿ. ಪ್ರಪಂಚದ ಜನಸಂಖ್ಯೆ 500 ಕೋಟಿ ಮುಟ್ಟಿದ ವರ್ಷ ಅದು. ಆ ಲೆಕ್ಕಕ್ಕೇ ಜುಲೈ 11 ಜನಸಂಖ್ಯಾ ದಿನ ಆಯಿತು. ನನ್ನ ಎರಡನೇ ಮಗಳು ಹುಟ್ಟಿದ್ದು 2022ರ ನವೆಂಬರ್‌ನಲ್ಲಿ, 800 ಕೋಟಿ ಆಯಿತು ಅಂತ ಟಿ.ವಿ.ಯಲ್ಲಿ ಹೇಳಿದ ವಾರ. ಆಸ್ಪತ್ರೆಯಲ್ಲಿ ಒಬ್ಬ ನರ್ಸ್ ನಗುತ್ತಾ ‘ಇವಳೇ ಇರಬೇಕು’ ಅಂದಿದ್ದರು.

ಮಗು ಹುಟ್ಟಿದ ಮರುದಿನವೇ ಡಾಕ್ಟರು ಬಂದು ‘ಎರಡಾಯ್ತಲ್ಲ, ಇನ್ನು ಮಕ್ಕಳಾಗದ ಹಾಗೆ ನಾಳೆ ಆಪರೇಷನ್ ಮುಗಿಸಿಬಿಡೋಣ’ ಅಂದರು. ನನ್ನ ಹೆಂಡತಿಗೆ ರಕ್ತ ಕಡಿಮೆ. ಮೊದಲ ಮಗು ಆದಮೇಲೆ ಗರ್ಭ ನಿಲ್ಲದ ಹಾಗೆ ಕಾಪರ್ ಟಿ ಹಾಕಿಸಿಕೊಂಡು, ತಿಂಗಳಿಗೆ ಹತ್ತು ದಿನ ರಕ್ತ ಹೋಗಿ, ತೆಗೆಸಿದ್ದಳು. ಮಾತ್ರೆ ನುಂಗಿದರೆ ತಲೆನೋವು. ಈಗ ಇದು. ಅವಳು ಏನೂ ಹೇಳಲಿಲ್ಲ, ಗೋಡೆ ನೋಡುತ್ತಾ ಮಲಗಿದ್ದಳು. ‘ನನಗೆ ಮಾಡಿಸಬಹುದಲ್ಲ?’ ಅಂದೆ. ಧೈರ್ಯದಿಂದ ಅಂದದ್ದಲ್ಲ, ಸುಮ್ನೆ ಬಾಯಿಗೆ ಬಂತು. ಡಾಕ್ಟರು ನನ್ನನ್ನು ಒಂದು ನಿಮಿಷ ನೋಡಿ, ‘ಮಾಡಿಸಬಹುದು, ಆದರೆ ಯಾರೂ ಬರಲ್ಲ’ ಅಂದರು.

ಅವರು ಹೇಳಿದ್ದು ಸುಳ್ಳಲ್ಲ. ಸರ್ಕಾರದ 2019-21ರ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಮದುವೆಯಾದ ನೂರು ಹೆಂಗಸರಲ್ಲಿ ಸುಮಾರು 38 ಜನ ಆಪರೇಷನ್ ಮಾಡಿಸಿಕೊಂಡವರು. ನಮ್ಮ ಕರ್ನಾಟಕದಲ್ಲಿ 57. ಗಂಡ ಮಾಡಿಸಿಕೊಂಡಿರುವುದು ದೇಶದಲ್ಲಿ ಸಾವಿರಕ್ಕೆ ಮೂರು ಮನೆ. ಹೆಂಗಸರದು ಹೊಟ್ಟೆ ಕೊಯ್ದು ಮಾಡುವಂಥದ್ದು. ಗಂಡಸರದಕ್ಕೆ ಬ್ಲೇಡೂ ಬೇಡ, ಹೊಲಿಗೆಯೂ ಇಲ್ಲ. ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸಣ್ಣ ತೂತಿನಲ್ಲಿ ವೀರ್ಯಾಣು ಹೋಗುವ ನಾಳ ಹಿಡಿದು ಕಟ್ಟುತ್ತಾರೆ. ನನಗೆ ಹದಿನೈದು ನಿಮಿಷವೂ ಹಿಡಿಯಲಿಲ್ಲ.

2023ರ ಫೆಬ್ರವರಿಯಲ್ಲಿ ಒಂದು ದೊಡ್ಡ ಆಸ್ಪತ್ರೆಗೆ ಹೋದೆ. ಹೆಸರು ಬೇಡ. ಜೊತೆಗೆ ಹೆಂಡತಿ ಮಗು ಎತ್ತಿಕೊಂಡು ಬಂದಿದ್ದಳು. ಒಳಗಿಂದ ಬಂದ ಸಿಸ್ಟರ್ ಕಾಗದ ನೋಡಿ, ಅವಳ ಕಡೆ ತಿರುಗಿ, ‘ಚಲಾ, ಪೇಷಂಟ್’ ಅಂದರು. ನಾನು ಎದ್ದು ನಿಂತೆ. ‘ಪೇಷಂಟ್ ಎಲ್ಲಿ?’ ಅಂತ ಮತ್ತೆ ನನ್ನನ್ನೇ ಕೇಳಿದರು. ಆಮೇಲೆ ಬೆಂಚಿನಲ್ಲಿ ಕೂತವರೆಲ್ಲ ನನ್ನನ್ನೇ ನೋಡಿದ್ದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದು ತಕರಾರು ಹೇಳಲೇಬೇಕು. ಆಪರೇಷನ್ ಆದ ಕೂಡಲೇ ಎಲ್ಲ ಮುಗೀತು ಅಂದುಕೊಂಡು ಹೊರಟಿದ್ದೆ. ಮೂರು ತಿಂಗಳು ನಿರೋಧ್ ಬಳಸಬೇಕು, ಆಮೇಲೆ ವೀರ್ಯ ಪರೀಕ್ಷೆ ಮಾಡಿಸಬೇಕು, ರಿಪೋರ್ಟ್ ಸರಿಯಿದ್ದರೇ ಲೆಕ್ಕ. ಇದನ್ನು ಬಾಯಲ್ಲಿ ಯಾರೂ ಹೇಳಲಿಲ್ಲ. ಕೊಟ್ಟ ಮರಾಠಿ ಕಾಗದದ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿತ್ತು. ಲೋಕಲ್ ಟ್ರೈನಲ್ಲಿ ಹೆಂಡತಿ ಓದಿ ಹೇಳಿದಳು. ಅವಳು ಓದದಿದ್ದರೆ ಮೂರನೆಯದು ಆಗುತ್ತಿತ್ತೋ ಏನೋ, ಆಗ ನಮ್ಮ ರೇಷನ್ನೂ ಹೋಗಲಿ ಅಂತ ನಿಮ್ಮ ಪತ್ರದವರು ಹೇಳುತ್ತಿದ್ದರು.

ಮೂರನೇ ದಿನ ಗಲ್ಲಾಕ್ಕೆ ಬಂದೆ. ಅಡಿಗೆ ಭಟ್ಟರು ಒಂದು ತಿಂಗಳು ನನಗೆ ಹಿಟ್ಟಿನ ಪಾತ್ರೆ ಮುಟ್ಟಲು ಬಿಡಲಿಲ್ಲ. ‘ಶಕ್ತಿ ಹೋಗಿದೆ ನಿನ್ನದು’ ಅನ್ನುತ್ತಿದ್ದರು. ಡಾಕ್ಟರು ಹೇಳಿದ್ದು ಒಂದು ವಾರ ಭಾರ ಎತ್ತಬೇಡ ಅಂತ, ಅಷ್ಟೆ. ಗಂಡಸುತನಕ್ಕೂ ಆ ನಾಳಕ್ಕೂ ಸಂಬಂಧವಿಲ್ಲ. ಇದಕ್ಕಿಂತ ಬಿಡಿಸಿ ಪೇಪರಿನಲ್ಲಿ ಬರೆಯೋದು ಹೇಗೆ?

ಭಟ್ಟರನ್ನು ಬಯ್ಯಲಾರೆ. ನಮ್ಮಪ್ಪ 1976ರಲ್ಲಿ ಇಲ್ಲೇ ಮುಂಬಯಿಯಲ್ಲಿ ಹೋಟೆಲಲ್ಲಿ ಕಪ್ಪು ತೊಳೆಯುತ್ತಿದ್ದರು. ಹತ್ತೊಂಬತ್ತು ವರ್ಷ, ಮದುವೆಯಾಗಿರಲಿಲ್ಲ. ‘ಹಿಡಿದು ಕೊಯ್ತಾರೆ’ ಅಂತ ಸುದ್ದಿ ಹಬ್ಬಿದ ರಾತ್ರಿ ಹುಡುಗರೆಲ್ಲ ಅಟ್ಟ ಹತ್ತಿ ಕೂತಿದ್ದರಂತೆ. ಎಮರ್ಜೆನ್ಸಿಯಲ್ಲಿ ಒಂದೇ ವರ್ಷದಲ್ಲಿ 60 ಲಕ್ಷಕ್ಕೂ ಹೆಚ್ಚು ಗಂಡಸರಿಗೆ ಆಪರೇಷನ್ ಆಯಿತು. ಮೂರು ಮಕ್ಕಳಾದವರಿಗೆ ಆಪರೇಷನ್ ಕಡ್ಡಾಯ ಮಾಡುವ ಮಸೂದೆಯನ್ನು ಮಹಾರಾಷ್ಟ್ರದ ಶಾಸನಸಭೆ ಪಾಸು ಕೂಡ ಮಾಡಿತ್ತು. ರಾಷ್ಟ್ರಪತಿಗಳ ಅಂಕಿತ ಬೀಳಲಿಲ್ಲ ಅನ್ನೋದು ಪುಣ್ಯ. ಆ ಹೆದರಿಕೆ ಗಂಡಸರಿಂದ ಇನ್ನೂ ಇಳಿದಿಲ್ಲ. ಅದಾದ ಮೇಲೆ ಸರ್ಕಾರಗಳು ಹೆಂಗಸರ ಕಡೆ ತಿರುಗಿದವು. ನಮ್ಮಮ್ಮ ಮೂರು ಹೆತ್ತು, ಶಿಬಿರದಲ್ಲಿ ನೆಲದ ಮೇಲೆ ಚಾಪೆಯಲ್ಲಿ ಮಲಗಿ ಬಂದವರು. 2014ರಲ್ಲಿ ಛತ್ತೀಸ್‌ಗಢದ ಬಿಲಾಸ್‌ಪುರದ ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಂಗಸರಿಗೆ ಆಪರೇಷನ್ ಮಾಡಿ, ಹತ್ತಕ್ಕೂ ಹೆಚ್ಚು ಜನ ಸತ್ತದ್ದು ನೆನಪಿರಬಹುದು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರ ನಿಲ್ಲಿಸಿ ಅಂದಿತು.

ಅದಕ್ಕೇ ರೇಷನ್ ನಿಲ್ಲಿಸುವ ಮಾತು ಕೇಳಿದರೆ ನನಗೆ ಅಪ್ಪನ ಅಟ್ಟ ಕಣ್ಣಿಗೆ ಬರುತ್ತದೆ. ಈ ಮಹಾರಾಷ್ಟ್ರದಲ್ಲಿ ಎರಡಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಪಂಚಾಯಿತಿಗೆ ನಿಲ್ಲುವಂತಿಲ್ಲ, ಸರ್ಕಾರಿ ಕೆಲಸಕ್ಕೂ 2005ರಿಂದ ಅದೇ ನಿಯಮ. ಕೇರಳದಲ್ಲಿ ಅಂಥದ್ದೇನೂ ಇಲ್ಲದೆ ಹೆಣ್ಣುಮಕ್ಕಳು ಓದಿ, ಹತ್ತಿರದಲ್ಲಿ ಆಸ್ಪತ್ರೆ ಇದ್ದು, ಎಷ್ಟೋ ಮೊದಲೇ ಮಕ್ಕಳ ಸಂಖ್ಯೆ ಇಳಿಯಿತು. ಆಗಲೇ ಹೇಳಿದ ಸಮೀಕ್ಷೆ ಪ್ರಕಾರ ಇಡೀ ದೇಶದ ಸರಾಸರಿಯೇ ಹೆಣ್ಣಿಗೆ ಎರಡು ಮಕ್ಕಳು. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆ 1.7. ಇನ್ನು ಯಾರ ಅಕ್ಕಿ ಕಿತ್ತುಕೊಳ್ಳೋದು?

ನಮ್ಮ ಹೋಟೆಲಿಗೆ ದಿನಾ ಬರುವ ಒಬ್ಬ ನಿವೃತ್ತ ಮರಾಠಿ ಮಾಸ್ತರರಿದ್ದಾರೆ. ನನ್ನ ಕತೆ ಕೇಳಿ, ಇದೇ ಮುಂಬಯಿಯ ಗಿರ್ಗಾಂವ್‌ನಲ್ಲಿ 1921ರಲ್ಲೇ ರಘುನಾಥ ಕರ್ವೆ ಅನ್ನುವವರು ಸಂತಾನ ನಿಯಂತ್ರಣದ ಕ್ಲಿನಿಕ್ ತೆರೆದಿದ್ದನ್ನು ಹೇಳಿದರು. ಈ ವಿಷಯಕ್ಕೇ ಕಾಲೇಜಿನ ಗಣಿತದ ಕೆಲಸ ಹೋಯಿತಂತೆ. ಅಶ್ಲೀಲ ಅಂತ ಕೇಸು ಬಿದ್ದಾಗ ಅವರ ಪರ ವಾದಿಸಿದ್ದು ಅಂಬೇಡ್ಕರ್. ನಾನೂ ಬಿಡಲಿಲ್ಲ. ನಮ್ಮ ಮೈಸೂರು ಸರ್ಕಾರ 1930ರಲ್ಲೇ ಸರ್ಕಾರಿ ಖರ್ಚಿನಲ್ಲಿ ಇಂಥ ಕ್ಲಿನಿಕ್ ತೆರೆದಿತ್ತು ಅಂದೆ. ಒಂದು ಇಡ್ಲಿ ವಡೆ ಮುಗಿಯುವಷ್ಟು ಹೊತ್ತು ಇಬ್ಬರಿಗೂ ಹೆಮ್ಮೆ.

ಈಗ ನನ್ನ ಕೋರಿಕೆ. ಇಲ್ಲಿನ ನಮ್ಮ ಕನ್ನಡ ಸಂಘಗಳು ವರ್ಷಕ್ಕೊಂದು ಆರೋಗ್ಯ ಶಿಬಿರ ಮಾಡುತ್ತವೆ. ಬಿ.ಪಿ., ಶುಗರ್, ಕಣ್ಣು. ಅದರಲ್ಲಿ ಅರ್ಧ ಗಂಟೆ, ಗಂಡಸರನ್ನು ಮಾತ್ರ ಕೂರಿಸಿ, ಕನ್ನಡ ಬರುವ ಒಬ್ಬ ಡಾಕ್ಟರಿಂದ ಈ ವಿಷಯ ಹೇಳಿಸಿ. ಆ ಮೂರು ತಿಂಗಳ ಮಾತು ಮರೆಯದೆ ಹೇಳಿಸಿ. ಹೋಟೆಲ್ ಹುಡುಗರು ಸಂಕೋಚಕ್ಕೆ ಬರದಿದ್ದರೆ ಊಟ ಇಡಿ, ಬರುತ್ತಾರೆ. ಮಾಡಿಸಿಕೊಳ್ಳಿ ಅಂತ ಒತ್ತಾಯ ಯಾರಿಗೂ ಬೇಡ.

ನನ್ನ ಹೆಸರು ಹಾಕಬೇಡಿ. ನನಗೇನೂ ನಾಚಿಕೆಯಿಲ್ಲ, ಹೋಟೆಲಲ್ಲಿ ಎಲ್ಲರಿಗೂ ಗೊತ್ತು. ಊರಲ್ಲಿ ಅಮ್ಮನಿಗೆ ಗೊತ್ತಿಲ್ಲ. ಎರಡೂ ಹೆಣ್ಣು ಅಂತ ಪ್ರತಿ ಸಲ ಫೋನಿನಲ್ಲಿ, ‘ಇನ್ನೊಂದ್ ಕಾಣ್ ಮಾಣಿ, ಗಂಡಾಯ್ಕ್’ ಅಂತಾರೆ. ‘ಕಾಂಬ’ ಅಂತ ಹೇಳಿ ಇಡುತ್ತೇನೆ.

ಒಬ್ಬ ಹೋಟೆಲ್ ಕ್ಯಾಷಿಯರ್,
ಮಾಟುಂಗ, ಮುಂಬಯಿ